ಬೀರಪ್ಪ ಮೇಸ್ತ್ರಿಯ ಕಡುಬಿನ ಪೆಟ್ಟಿಗೆ

"ಈ ಪೆಟ್ಟಿಗೆ ಭಟ್ಕಳಕ್ಕೆ ಹೋದ್ರೆ ನಾ ನಿನ್ನ ಮಗಳೇ ಅಲ್ಲ."

"ಅಲ್ದಿದ್ರೆ ಬಿಡು. ನಾ ಎಂತ ಎದೆ ಬಡ್ಕಂಡು ಅಳ್ತೆ ಅಂದ್ಕಂಡ್ಯಾ? ಮೊದ್ಲು ಬಾಗ್ಲು ಬಿಟ್ಟು ಈಚೆಗೆ ಬಾ."

ದುರ್ಗಿ ಬಾಗಿಲು ಬಿಡಲಿಲ್ಲ. ಎರಡೂ ಕೈ ಚಾಚಿ ಚಪ್ಪರದ ಎರಡು ಕಂಬ ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ ಹೊಸ ಪೆಟ್ಟಿಗೆ. ಎದುರಿಗೆ ಅವಳ ಅಪ್ಪ ಬೀರಪ್ಪ ಮೇಸ್ತ್ರಿ, ಹೆಗಲ ಮೇಲೆ ಹಗ್ಗದ ಸುರುಳಿ. ಮಧ್ಯಾಹ್ನದ ಭರತಕ್ಕೆ ನೀರು ಏರಿ ತುಂಬಿದ ಕೂಡಲೇ ಶನಿಯಾರ ತಾಂಡೇಲ ನಡೆಸುವ ಮಚವೆ ಕಾಸರಕೋಡಿನಿಂದ ಭಟ್ಕಳಕ್ಕೆ ಹಾಯಿ ಬಿಚ್ಚುವುದಿತ್ತು. ಅಷ್ಟರೊಳಗೆ ಪೆಟ್ಟಿಗೆಯನ್ನು ಕಟ್ಟಿ ದಡಕ್ಕೆ ಸಾಗಿಸಬೇಕು. ಮಗಳು ಬೆಳಗಿನ ಗಂಜಿಯನ್ನೂ ಬಡಿಸದೆ ಹೀಗೆ ಅಡ್ಡ ನಿಂತಿದ್ದಳು.

"ಕಮಲಕ್ಕನ ಬೆನ್ನು ನೋಡಿದ್ಯಾ ನೀನು? ಮೂರು ದಿನ ಆತು. ಒಂದ್ಸಲಾದ್ರೂ ಒಳಗೆ ಹೋಗಿ ನೋಡಿದ್ಯಾ?"

"ಹೆಂಗಸ್ರ ಬೆನ್ನು ನೋಡೂ ಚಾಳಿ ನಂಗಿಲ್ಲ."

"ಸುಟ್ಟದ್ದು ನೋಡೂ ಚಾಳಿ ಇಲ್ಲ, ಸುಡೂ ಚಾಳಿ ಮಾತ್ರ ಅದೆ."

"ನಾ ಸುಡ್ಲಿಲ್ಲ. ಸುಟ್ಟದ್ದು ನಿನ್ನ ಗಂಡ. ಲಕ್ಕಿ ಸೊಪ್ಪು ತಾ ಅಂದ್ರೆ ಬೇಲಿ ಮೇಲಿನ ಹಾಳು ಬಳ್ಳಿ ಎಲ್ಲ ಸೇರ್ಸಿ ಕೊಯ್ಕಂಡು ಬಂದ. ಹಳದೀಪುರದ ಗದ್ದೆಯಲ್ಲಿ ಹುಟ್ಟಿದವನಿಗೆ ಸೊಪ್ಪು ಯಾವುದು, ಕಳೆ ಯಾವುದು?"

ಅಳಿಯ ಪಾಂಡು ಆಚೆ ಒಲೆಯ ಬಳಿ ಕೂತು ಸೌದೆ ಸೀಳುತ್ತಿದ್ದ. ಗದ್ದೆಯಲ್ಲಿ ಹುಟ್ಟಿದವನಿಗೆ ಕಳೆ ಗೊತ್ತಿಲ್ಲ ಎಂಬ ಮಾತಿಗೆ ಬೇರೆ ಯಾರಾದರೂ ಆಗಿದ್ದರೆ ಕೊಡಲಿ ಎಸೆದು ಏಳುತ್ತಿದ್ದರು. ಅವನು ತಲೆ ಎತ್ತಲಿಲ್ಲ. ಮದುವೆಯಾಗಿ ಮಾವನ ಮನೆಗೇ ಬಂದು ನಿಂತವನು. ಆರು ವರ್ಷದಿಂದ ಇಂಥ ಮಾತು ಕೇಳಿ ಕೇಳಿ ಅವನ ಕಿವಿ ಗಟ್ಟಿಯಾಗಿತ್ತು. ಅವನ ಪಾಲಿನ ಸಿಟ್ಟನ್ನೂ ದುರ್ಗಿಯೇ ಮಾಡಬೇಕಾಗಿತ್ತು. ಅವಳು ಅದರಲ್ಲಿ ಕಡಿಮೆ ಮಾಡಿದವಳಲ್ಲ. ಮೂಗಿನ ತುದಿಯ ಕೋಪ ಅವಳಿಗೆ ಅಪ್ಪನಿಂದಲೇ ಬಂದದ್ದು.

ಜಗಳದ ಮೂಲವಾದ ಆ ಪೆಟ್ಟಿಗೆಯ ಕತೆಯನ್ನು ಮೊದಲು ಹೇಳಬೇಕು.

ಬೀರಪ್ಪ ದೋಣಿ ಕಟ್ಟುವವನು. ಎರಡನೆಯ ಇಯತ್ತೆಯಲ್ಲಿ ಮಾಸ್ತರರ ಬೆತ್ತ ಮುರಿದು ಶಾಲೆ ಬಿಟ್ಟು, ಅಲ್ಲಿಂದ ಬಾಚಿ ಹಿಡಿದವನು. ಹೊನ್ನಾವರದ ಬಂದರಿನಿಂದಾಚೆಗೂ ಅವನ ಕೈಯ ದೋಣಿಗಳು ಓಡಾಡುತ್ತಿದ್ದವು. ದೋಣಿಯ ಹಲಗೆಯನ್ನು ಬಗ್ಗಿಸಬೇಕಾದರೆ ಅದನ್ನು ಹಬೆಗೆ ಹಿಡಿಯಬೇಕು. ಉದ್ದ ಮರದ ತೊಟ್ಟಿಯೊಳಗೆ ಹಲಗೆ ಇಟ್ಟು, ಬಾಯಿ ಮುಚ್ಚಿ, ಹಂಡೆಯ ಹಬೆ ಬಿಟ್ಟರೆ ಎಂಥ ಮೊಂಡು ಮರವೂ ಹೇಳಿದ ಮಾತು ಕೇಳುತ್ತದೆ. ಸಾವಿರದ ಒಂಬೈನೂರ ನಲವತ್ತೊಂದರ ಚಳಿಗಾಲದಲ್ಲಿ ಅವನ ಬಲ ಹೆಗಲು ಹಿಡಿದುಕೊಂಡಿತು. ಕೈ ಕಿವಿಯ ಮಟ್ಟಕ್ಕೂ ಏಳದು. ಹೊನ್ನಾವರದ ಔಷಧ ಆಯಿತು, ಎಣ್ಣೆ ತಿಕ್ಕುವವರದ್ದು ಆಯಿತು, ದೇವರಿಗೆ ಹೇಳಿಕೊಂಡದ್ದೂ ಆಯಿತು. ಒಂದು ದಿನ ತೊಟ್ಟಿಯ ಸಂದಿನಲ್ಲಿ ಹಬೆ ಸೋರುವುದನ್ನು ಬೆನ್ನು ಕೊಟ್ಟು ತಡೆಯುತ್ತ ನಿಂತಿದ್ದಾಗ ಹೆಗಲು ಸಡಿಲವಾದಂತೆ ಅನಿಸಿತು. ಮರುದಿನ ಬೇಕೆಂದೇ ನಿಂತ. ಹತ್ತು ದಿನ ನಿಂತ. ಹನ್ನೊಂದನೆಯ ದಿನ ಕೈ ಎತ್ತಿ ಮಾಡಿನ ತೆಂಗಿನ ಗರಿ ಮುಟ್ಟಿದ.

ಬೇರೆಯವನಾಗಿದ್ದರೆ ಅಲ್ಲಿಗೆ ದೇವರಿಗೆ ಒಂದು ಕಾಯಿ ಒಡೆದು ಸುಮ್ಮನಿರುತ್ತಿದ್ದ. ಇವನು ಕಟ್ಟುವ ಕೆಲಸ ಬಿಟ್ಟು ಪೆಟ್ಟಿಗೆ ಮಾಡಲು ಕೂತ. ಒಡೆದು ದಡದಲ್ಲಿ ಬಿದ್ದ ಹಳೆಯ ದೋಣಿಯ ಹಲಗೆಗಳಿಂದ ಸೊಂಟದೆತ್ತರದ ಪೆಟ್ಟಿಗೆ. ಒಳಗೆ ಕೂರಲು ಮಣೆ, ಒರಗಲು ಹಿಂದಿನ ಹಲಗೆ. ಮೇಲಿನ ಮುಚ್ಚಳದಲ್ಲಿ ಕತ್ತಿಗೆ ಮಾತ್ರ ತೂತು. ಕೂತವನ ತಲೆ ಹೊರಗೆ, ಮೈಯೆಲ್ಲ ಒಳಗೆ. ಪಕ್ಕದಲ್ಲಿ ಒಲೆ, ಒಲೆಯ ಮೇಲೆ ಲಕ್ಕಿ ಸೊಪ್ಪು ಹಾಕಿದ ತಾಮ್ರದ ಹಂಡೆ, ಹಂಡೆಯಿಂದ ಪೆಟ್ಟಿಗೆಗೆ ಬಿದಿರ ಕೊಳವೆ. ಆಗ ಬದುಕಿದ್ದ ಅವನ ಹೆಂಡತಿ ಮೊದಲ ದಿನ ಗಂಡನ ತಲೆ ಮಾತ್ರ ಕಂಡು ಬಿದ್ದು ಬಿದ್ದು ನಕ್ಕಳು. "ಕಡುಬು ಬೇಯ್ಸೂ ಪಾತ್ರೆ ಮಾಡ್ಕಂಡು ತಾನೇ ಒಳಗೆ ಕೂತಿದ್ದಾರೆ" ಎಂದಳು. ಅದೇ ಹೆಸರು ನಿಂತಿತು. ಹಬೆ ಪೆಟ್ಟಿಗೆ ಎಂದು ಬೀರಪ್ಪ ಎಷ್ಟು ಸಲ ತಿದ್ದಿದರೂ ಊರವರಿಗೆ ಅದು ಕಡುಬಿನ ಪೆಟ್ಟಿಗೆಯೇ.

ಒಳಗಿದ್ದವರಿಗೆ ಎಷ್ಟು ಹೊತ್ತು ಸಾಕು ಎಂಬುದಕ್ಕೆ ಅವನ ಬಳಿ ಗಡಿಯಾರವಿರಲಿಲ್ಲ. ಅದಕ್ಕೆ ಕವಳದ ಲೆಕ್ಕ ಮಾಡಿದ. ಕೂತವರ ಕೈ ಪೆಟ್ಟಿಗೆಯೊಳಗೆ ಇರುತ್ತದಲ್ಲ, ಹಾಗಾಗಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ಅವರ ಬಾಯಿಗೆ ಬೇರೆಯವರು ಕೊಡಬೇಕು. ಒಂದು ಕವಳ ಜಗಿದು ಉಗುಳಿದರೆ ಒಂದು ಸುತ್ತು. ಮೂರು ಕವಳಕ್ಕೆ ಮುಚ್ಚಳ ತೆಗೆಯಬೇಕು. ನಾಲ್ಕನೆಯದು ಯಾರಿಗೂ ಇಲ್ಲ, ಎಷ್ಟು ದೊಡ್ಡ ಮನುಷ್ಯನೇ ಆಗಲಿ. ಹೆಂಗಸರಿಗೆ ಕವಳ ಕೊಡುವುದು, ಮುಚ್ಚಳ ತೆಗೆಯುವುದು, ಮೈ ಒರೆಸುವುದು ದುರ್ಗಿಯ ಕೆಲಸ. ಹಂಡೆಯ ಸದ್ದು ಕೇಳಿಯೇ ಹಬೆ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವಷ್ಟು ಅವಳಿಗೆ ಅದು ಒಗ್ಗಿತ್ತು. ಅಪ್ಪನಿಗೂ ಆ ಕಿವಿ ಇರಲಿಲ್ಲ.

ಅವನು ಮಾಡಿದ್ದೆಲ್ಲ ಸರಿಯಾಯಿತೆಂದಲ್ಲ. ಸೊಂಟ ಹಿಡಿದವರನ್ನು ಡೋಲಿಯ ರಾಟೆಗೆ ಕಟ್ಟಿ ಮೇಲೆಳೆದು ನೇತಾಡಿಸಿದರೆ ನೆಟ್ಟಗಾಗುತ್ತಾರೆ ಎಂದು ಒಂದು ವರ್ಷ ಅದರ ಹಿಂದೆ ಬಿದ್ದಿದ್ದ. ಡೋಲಿ ಎಂದರೆ ಮಚವೆಯ ಹಾಯಿಕಂಬ. ಹಳದೀಪುರದಿಂದ ಬಂದ ಒಬ್ಬ ಎರಡಾಳೆತ್ತರದಲ್ಲಿ ನೇತಾಡುತ್ತ ಬೊಬ್ಬೆ ಹೊಡೆದು, ಇಳಿಸಿದ ಕೂಡಲೇ ಓಡಿಹೋದ. "ಓಡಿದ್ನಲ್ಲ, ಬರುವಾಗ ನಡೆಯೂಕೂ ಆಗ್ತಿರ್ಲಿಲ್ಲ" ಎಂದು ಬೀರಪ್ಪ ಅದನ್ನೂ ತನ್ನ ಗೆಲುವಿಗೇ ಸೇರಿಸಿಕೊಂಡ. ಕುಮಟೆಯಿಂದ ಒಬ್ಬ ಡಾಕ್ಟರು ನೋಡಲು ಬಂದು, ಕೀಲುನೋವಿಗೆ ಶಾಖ ಒಳ್ಳೆಯದೇ, ಆದರೆ ಎದೆ ದುರ್ಬಲ ಇದ್ದವರನ್ನು ಕೂರಿಸಬೇಡ ಎಂದು ಒಳ್ಳೆಯ ಮಾತಲ್ಲೇ ಹೇಳಿದರು. "ಎದೆ ದುರ್ಬಲ ಇದ್ದವ್ರು ನನ್ನ ಹೆಸ್ರು ಕೇಳೇ ಓಡ್ತಾರೆ" ಎಂದ. ಆದರೂ ಆಮೇಲೆ ಯಾರೇ ಬಂದರೂ ಮೊದಲು ಅವರ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದ. ಹೇಳಿದ್ದನ್ನು ಒಪ್ಪುತ್ತಿದ್ದ, ಒಪ್ಪಿದೆನೆಂದು ಮಾತ್ರ ಹೇಳುತ್ತಿರಲಿಲ್ಲ. ಅವನ ರೋಗ ಇದು, ಇದಕ್ಕೆ ಪೆಟ್ಟಿಗೆ ಇರಲಿಲ್ಲ.

ಯುದ್ಧದ ವರ್ಷಗಳಲ್ಲಿ ಮದ್ದು ಸಿಗುತ್ತಿರಲಿಲ್ಲ. ಇದ್ದಿಲು ಗ್ಯಾಸಿನ ಬಸ್ಸು ಕುಮಟೆಯಿಂದ ಕೆಮ್ಮುತ್ತ ಹೊನ್ನಾವರಕ್ಕೆ ಬರುತ್ತಿತ್ತು. ಅದರಿಂದಿಳಿದು ತಾರಿಯ ದೋಣಿಯಲ್ಲಿ ಹೊಳೆ ದಾಟಿ ಜನ ಕಾಸರಕೋಡಿಗೆ ಬಂದರು. ಬಲೆ ಎಳೆದು ತೋಳು ಸೋತವರು, ಉಪ್ಪುಮೀನಿನ ಬುಟ್ಟಿ ಹೊತ್ತು ಕತ್ತು ಹಿಡಿದವರು. ಅಘನಾಶಿನಿಯ ಕಮಲಿ ಬಂದದ್ದೂ ಹಾಗೆ. ಇಳಿತದ ಹೊತ್ತು ಸೊಂಟದ ಮಟ್ಟ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ಹೆಕ್ಕಿ ಹೆಕ್ಕಿ ಅವಳ ಬೆನ್ನು ಬಿಲ್ಲಾಗಿತ್ತು. ವರ್ಷಕ್ಕೆ ಎರಡು ಸಲ ಬಂದು ಹತ್ತು ದಿನ ಉಳಿದು ಪೆಟ್ಟಿಗೆಯಲ್ಲಿ ಕೂತು ಹೋಗುವಳು. ಸೌದೆ ತಾನೇ ತರಬೇಕು ಎಂಬುದು ಬೀರಪ್ಪನ ನೇಮ. ಅವಳು ಸೌದೆಯ ಬದಲು ಬೆಳಚಿನ ಬುಟ್ಟಿ ತರುವಳು, ಅವನು ಬಯ್ಯುವನು, ಆಮೇಲೆ ಎರಡು ಸಲ ಹಾಕಿಸಿಕೊಂಡು ಉಣ್ಣುವನು.

ಭಟ್ಕಳದ ಸಾಹೇಬರು ಬಂದದ್ದು ಹೋದ ವರ್ಷ. ಅವರ ಸೊಂಟ ಎರಡು ವಾರಕ್ಕೆ ಸರಿಯಾಯಿತು. ಅವರಿಗೆ ಎಂಬತ್ತು ದಾಟಿದ ತಾಯಿ. ಎರಡೂ ಮೊಣಕಾಲು ಮಡಚಲಾಗದೆ, ಕೂತು ನಮಾಜು ಮಾಡಲೂ ಆಗದೆ ಅಳುತ್ತಾರಂತೆ. ಮನೆ ಬಿಟ್ಟು ಹೊರಗೆ ಬರುವವರಲ್ಲ. "ಮೇಸ್ತ್ರೀ, ಅವರಿಗೆ ಒಂದು ಪೆಟ್ಟಿಗೆ ಮನೆಗೇ ಮಾಡಿಕೊಡಿ" ಎಂದರು. ಬೀರಪ್ಪನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬದುಕಿನಲ್ಲಿ ಸಿಕ್ಕಿರಲಿಲ್ಲ. ಈ ಸಲ ಒಡೆದ ದೋಣಿಯ ಹಲಗೆ ಬೇಡ ಎಂದು ಹೊಸ ಹಲಸಿನ ಹಲಗೆ ಕೊಯ್ಯಿಸಿದ. ಪೆಟ್ಟಿಗೆ ನೋಡಲು ಚೆಂದವಾಯಿತು. ಆದರೆ ಹಬೆ ಬಿಟ್ಟು ನೋಡಿದರೆ ಹೊಸ ಮರ ಒಂದೇ ವಾರಕ್ಕೆ ಸೊಟ್ಟಗಾಗಿ ಸಂದು ಬಿಟ್ಟುಕೊಂಡಿತು.

ನೀರು ತಾಗಿ ಮರ ಹಾಳಾಗುತ್ತದೆ ಎಂದರೆ ದೋಣಿಯವನ ಕೈ ಎಲ್ಲಿಗೆ ಹೋಗುತ್ತದೆ? ಗೇರೆಣ್ಣೆಯ ಮಡಕೆಗೆ. ಗೇರುಬೀಜದ ಸಿಪ್ಪೆ ಸುಟ್ಟು ತೆಗೆಯುವ ಕರಿ ಎಣ್ಣೆ ಅದು. ಅದನ್ನು ಬಳಿಯದೆ ಈ ಕರಾವಳಿಯಲ್ಲಿ ಒಂದು ದೋಣಿಯೂ ನೀರಿಗಿಳಿಯುವುದಿಲ್ಲ. ಹಸಿ ಎಣ್ಣೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ ಎಂಬುದು ಅವನಿಗೂ ಗೊತ್ತು. ಅದಕ್ಕೇ ಒಳಗೂ ಹೊರಗೂ ಮೂರು ಕೈ ಬಳಿದು ಇಪ್ಪತ್ತೊಂದು ದಿನ ಬಿಸಿಲಿಗೆ ಇಟ್ಟ. ದೋಣಿಗಾದರೆ ಹದಿನೈದೇ ದಿನ. ಹಲಗೆ ಕನ್ನಡಿಯಂತೆ ಹೊಳೆಯಿತು. ಕೈ ಸವರಿದರೆ ಅಂಟಲಿಲ್ಲ. ಸಾಗಿಸುವ ಮೊದಲು ಒಮ್ಮೆ ನೋಡೋಣವೆಂದು, ಆಗಷ್ಟೇ ಬಂದಿದ್ದ ಕಮಲಿಯನ್ನು ಅದರಲ್ಲಿ ಕೂರಿಸಿದರು.

ಆ ಸಂಜೆ ಕಮಲಿಯ ಬೆನ್ನು ತುರಿಸಿತು. ಮರುದಿನ ಬೆಳಿಗ್ಗೆ ಬೆನ್ನಿಗೂ ತೊಡೆಯ ಹಿಂಭಾಗಕ್ಕೂ ನೀರುಬೊಕ್ಕೆ ಎದ್ದು ಒಂದಕ್ಕೊಂದು ಕೂಡಿಕೊಂಡಿದ್ದವು. ಬಸ್ಸು ಹತ್ತಿ ಮನೆಗೆ ಹೋಗುವ ಹಾಗಿರಲಿಲ್ಲ. ಅಂದಿನಿಂದ ಅವಳು ಒಳಕೋಣೆಯಲ್ಲಿ ಬೋರಲು ಮಲಗಿದ್ದಾಳೆ, ದುರ್ಗಿ ಹೊತ್ತು ಹೊತ್ತಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಳೆ.

"ಸೊಪ್ಪಿನದ್ದಾದ್ರೆ ಹೊಟ್ಟೆಗೂ ಏಳ್ಬೇಕಿತ್ತಲ್ಲ ಅಪ್ಪ," ಎಂದಳು ದುರ್ಗಿ ಈಗ, ಕಂಬ ಬಿಡದೆ. "ಹಬೆ ಎಂತ ಬೆನ್ನಿಗೆ ಮಾತ್ರ ಬರ್ತದಾ? ಹಲಗೆಗೆ ತಾಗಿದಲ್ಲಿ ಮಾತ್ರ ಸುಟ್ಟದೆ. ಮಣೆ ತಾಗಿದಲ್ಲಿ, ಒರಗಿದಲ್ಲಿ. ಬೊಕ್ಕೆ ನಾ ನೋಡದ್ದಲ್ಲ. ಸಣ್ಣವಳಿದ್ದಾಗ ಗೇರುಬೀಜ ಒಡೆದು ನನ್ನ ಕೈಗೆ ಎದ್ದದ್ದೂ ಇದೇ ಬೊಕ್ಕೆ."

"ಅದು ಹಸಿ ಸಿಪ್ಪೆ. ಇದು ಇಪ್ಪತ್ತೊಂದು ದಿನ ಒಣಗಿದ್ದು. ಈ ದಡದಲ್ಲಿ ಅಷ್ಟು ಗಂಡಸ್ರು ಬರೀ ಮೈಯಲ್ಲಿ ಬೆಳಿಗ್ಗೆಯಿಂದ ಸಂಜೆ ತಂಕ ದೋಣಿಯಲ್ಲಿ ಕೂರ್ತಾರೆ. ಯಾರ ಕುಂಡೆ ಸುಟ್ಟದೆ ಹೇಳು ನೋಡ್ವ."

"ದೋಣಿಯೊಳಗೆ ಯಾರಾದ್ರೂ ಒಲೆ ಹಚ್ಚಿ, ಬಾಯಿ ಮುಚ್ಚಿ ಬೇಯಿಸ್ತಾರಾ? ಬಿಸಿಲಿಗೆ ಒಣಗಿದ್ದು ಹಬೆಗೆ ಮತ್ತೆ ಹಸಿ ಆಗ್ತದೆ. ಮರ ಹಬೆಗೆ ಮೆತ್ತಗಾಗ್ತದೆ ಅಂತ ಕಂಡ್ಹಿಡಿದವ ನೀನು. ಎಣ್ಣೆ ಮೆತ್ತಗಾಗ್ತದೆ ಅಂದ್ರೆ ತಲೆಗೆ ಹೋಗುದಿಲ್ವಾ?"

ಬೀರಪ್ಪನ ದನಿ ಏರಿತು. "ನಲವತ್ತು ವರ್ಷ ದೋಣಿ ಕಟ್ಟಿದವನಿಗೆ ಎಣ್ಣೆ ಕಲಿಸೂಕೆ ಬಂದ್ಯಾ? ಕವಳ ಮಡಚಿ ಕೊಡೂದು ನಿನ್ನ ಕೆಲ್ಸ. ಅದು ಮಾಡು."

"ಎಂಬತ್ತು ವರ್ಷದ ಅಜ್ಜಿ ಅಪ್ಪ ಅವ್ರು. ಕಮಲಕ್ಕನ ಚರ್ಮ ಉಪ್ಪುನೀರಲ್ಲಿ ನಿಂತು ದಪ್ಪ ಆದ್ದು, ಅಂಥದ್ದಕ್ಕೇ ಹೀಂಗಾಗ್ಯದೆ. ಆ ಅಜ್ಜಿಯ ಚರ್ಮ ವೀಳ್ಯದೆಲೆ ಹಾಂಗಿರ್ತದೆ. ಒಂದೇ ದಿನ ಸಾಕು."

ಒಳಕೋಣೆಯಿಂದ ಕಮಲಿಯ ಗಂಟಲು ಕೇಳಿತು. "ದುರ್ಗೀ, ಎಂತಕ್ಕೆ ಬಾಯಿ ನೋವು ಮಾಡ್ಕಳ್ತೆ? ಮೇಸ್ತ್ರಿ ಅಷ್ಟು ಗಟ್ಟಿ ಹೇಳುದಾದ್ರೆ ತಾವೇ ಕೂತ್ಕಳ್ಲಿ. ನನ್ನ ಬೆನ್ನು ನೋಡೂಕೆ ನಾಚಿಕೆ ಆದ್ರೆ ತಮ್ಮದು ತಾವು ನೋಡ್ಕಳ್ಲಿ."

ಪಾಂಡುವಿನ ಕೊಡಲಿ ನಿಂತಿತು. ಹಳೆಯ ಪೆಟ್ಟಿಗೆಯಲ್ಲಿ ಬೀರಪ್ಪ ವಾರಕ್ಕೊಮ್ಮೆ ಕೂರುತ್ತಿದ್ದ. ಹೊಸದರಲ್ಲಿ ಇದುವರೆಗೆ ಕೂತಿರಲಿಲ್ಲ.

"ಆತು," ಎಂದ ಅವನು. ಹಗ್ಗದ ಸುರುಳಿಯನ್ನು ನೆಲಕ್ಕೆ ಹಾಕಿದ. "ಒಲೆ ಹಚ್ಚು ಪಾಂಡು. ಸೊಪ್ಪು ಬೇಡ. ಬರೀ ನೀರು. ಬೊಕ್ಕೆ ಎದ್ರೆ ಸೊಪ್ಪು ಅಂತ ನಾ ಹೇಳೂದೂ ಬೇಡ, ಏಳದಿದ್ರೆ ಎಣ್ಣೆ ಅಂತ ನೀವು ಹೇಳೂದೂ ಬೇಡ."

ನೀರು ಕುದಿಯುವಷ್ಟರಲ್ಲಿ ದುರ್ಗಿಯ ಸಿಟ್ಟು ಅರ್ಧ ಇಳಿದು ಹೆದರಿಕೆ ಶುರುವಾಗಿತ್ತು. ಅಪ್ಪ ಬೇಡವೆಂದರೆ ಬಿಡುವವನಲ್ಲ ಎಂದು ಅವಳಿಗೆ ಗೊತ್ತು. ಅವನು ಪಂಚೆ ಬಿಚ್ಚಿ ಲಂಗೋಟಿಯಲ್ಲಿ ಒಳಗೆ ಕೂತ. ಪಾಂಡು ಮುಚ್ಚಳ ಹಾಕಿದ. ತೂತಿನ ಮೇಲೆ ಅವನ ನರೆತ ತಲೆ, ಹೊಗೆಸೊಪ್ಪಿನ ಕಲೆಯ ಮೀಸೆ, ಉರಿಯುವ ಕಣ್ಣು. ದುರ್ಗಿ ಪಕ್ಕದ ಮಣೆಯಲ್ಲಿ ಕೂತು ಎಲೆಯ ನಾರು ತೆಗೆದು, ಸುಣ್ಣ ಹಚ್ಚಿ, ಮಡಚಿ ಅವನ ಬಾಯಿಗಿಟ್ಟಳು. ಅಪ್ಪನಿಗೆ ಕೈಯಾರೆ ಕವಳ ಕೊಟ್ಟದ್ದು ಅದೇ ಮೊದಲು. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಒಂದು ಆಯಿತು. ಎರಡು ಆಯಿತು. ಮೂರನೆಯದನ್ನು ಉಗುಳಿದ ಕೂಡಲೇ ದುರ್ಗಿ ಮುಚ್ಚಳಕ್ಕೆ ಕೈ ಹಾಕಿದಳು.

"ಇನ್ನೊಂದು ಕೊಡು."

"ಮೂರೇ ಅಂತ ನೀನೇ ಮಾಡಿದ ನೇಮ."

"ನೇಮ ಮಾಡಿದವ ನಾನು. ಕೊಡು ಅಂದ್ರೆ ಕೊಡು."

ನಾಲ್ಕನೆಯದನ್ನು ಜಗಿಯುತ್ತಿರುವಾಗ ಶನಿಯಾರ ತಾಂಡೇಲ ಇಬ್ಬರು ಆಳುಗಳೊಂದಿಗೆ ಪೆಟ್ಟಿಗೆ ಒಯ್ಯಲು ಬಂದ. ತಲೆ ಮಾತ್ರ ಕಂಡು ಸೊಂಟಕ್ಕೆ ಕೈಕೊಟ್ಟು ನಿಂತ. "ಮೇಸ್ತ್ರಿನೇ ಕಡುಬಾಗಿ ಭಟ್ಕಳಕ್ಕೆ ಬರೂದಾ? ಒಳ್ಳೇದಾತು. ಹಾಂಗೇ ಹೊತ್ಕಂಡು ಹೋಗ್ತೇವೆ, ದಾರೀಲಿ ಚಟ್ನಿ ಒಂದು ಮಾಡಿದ್ರೆ ಸೈ."

"ಬಾಯಿ ಮುಚ್ಚಿ ನಿಂತ್ಕ ಶನಿಯಾರ. ದುರ್ಗೀ, ಇನ್ನೊಂದು."

ಐದನೆಯ ಕವಳ ಮುಗಿಯುವಾಗ ಅವನ ಮುಖ ಕೆಂಡದಂತಾಗಿತ್ತು. ಮುಚ್ಚಳ ತೆಗೆದರು. ಅವನು ಕಂಬ ಹಿಡಿದು ಎದ್ದು ನಿಂತು, ಸುತ್ತ ಒಂದು ಸಲ ತಿರುಗಿ ಎಲ್ಲರಿಗೂ ಬೆನ್ನು ತೋರಿಸಿದ. ಬೆವರು ಇಳಿಯುತ್ತಿತ್ತು, ಅಷ್ಟೇ. ಒಂದು ಗುಳ್ಳೆಯೂ ಇರಲಿಲ್ಲ.

"ನೋಡು. ಕಣ್ಣು ಬಿಟ್ಕಂಡು ನೋಡು. ಎಂತ ಆಗ್ಯದೆ? ಶನಿಯಾರ, ಏರ್ಸು ಪೆಟ್ಟಿಗೆಯ."

ಆಳುಗಳು ಮುಂದೆ ಬಂದರು. ಅಷ್ಟರಲ್ಲಿ ಒಳಗಿಂದ ಕಮಲಿ ಗೋಡೆ ಹಿಡಿದು ಹಿಡಿದು ಬಾಗಿಲ ತಂಕ ಬಂದಳು. ಬೆನ್ನಿಗೆ ಬಟ್ಟೆ ತಾಗದ ಹಾಗೆ ಸೀರೆಯನ್ನು ಮುಂದಿನಿಂದ ಸುತ್ತಿಕೊಂಡಿದ್ದಳು.

"ನಂಗೂ ಆ ಹೊತ್ತಿಗೆ ಎಂತದೂ ಆಗಿರ್ಲಿಲ್ಲ ಮೇಸ್ತ್ರಿ. ಚೆಂದ ಆಯ್ತು ಅಂತ ನಿಮಗೆ ಹೇಳಿ ಗಂಜಿ ಉಂಡಿದ್ದೆ. ಮರೆತುಹೋಯ್ತಾ?"

ದುರ್ಗಿ ಎದ್ದು ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆಯೇ ಕೂತುಬಿಟ್ಟಳು. "ಶನಿಯಾರಣ್ಣ, ಇವತ್ತಿನ ಭರತ ಬಿಡು. ನಾಳೆ ಮಧ್ಯಾಹ್ನ ಹೋಗು. ಇಲ್ಲದಿದ್ರೆ ನನ್ನನ್ನೂ ಸೇರ್ಸಿ ಹೊರು."

ಶನಿಯಾರ ಕಮಲಿಯ ಮುಖ ನೋಡಿದ, ಮೇಸ್ತ್ರಿಯ ಮುಖ ನೋಡಿದ, ಆಮೇಲೆ ಸಮುದ್ರದ ಕಡೆ ನೋಡಿದ. "ಗಾಳಿಯೂ ಅಷ್ಟು ಸರಿ ಇಲ್ಲ," ಎಂದ. ಗಾಳಿ ಸರಿಯಾಗಿಯೇ ಇತ್ತು.

"ನಾಳೆ ಅಂದ್ರೆ ನಾಳೆ," ಎಂದ ಬೀರಪ್ಪ. "ನಂಗೆಂತ ಹೆದ್ರಿಕೆ? ಆದ್ರೆ ನಾಳೆ ಇವ್ರೆಲ್ಲರ ಎದುರು ನನ್ನ ಬೆನ್ನು ನೋಡಿ, ತಪ್ಪಾತು ಅಂತ ನೀ ಹೇಳ್ಬೇಕು."

"ಹೇಳ್ತೆ. ಬೊಕ್ಕೆ ಎದ್ದಿದ್ರೆ ನೀ ಹೇಳ್ಬೇಕು."

ಅವನು ಬಾವಿಯ ಕಡೆ ಹೋದ.

ಬೀರಪ್ಪ ಸಂಜೆ ಜಗಲಿಯ ನಡುಗಂಬಕ್ಕೆ ಒರಗಿ ಕೂರುವ ಮನುಷ್ಯ. ಅವನ ಬೆನ್ನಿನ ಉಜ್ಜಿಗೆ ಕಂಬ ಅಲ್ಲಿ ನುಣುಪಾಗಿ ಹೋಗಿತ್ತು. ಅಂದೂ ಅಲ್ಲೇ ಬಂದು ಕೂತ. ದುರ್ಗಿ ದೀಪ ಹಚ್ಚಲು ಬಂದವಳು ನೋಡಿದಳು: ಕಂಬಕ್ಕೂ ಬೆನ್ನಿಗೂ ನಾಲ್ಕು ಬೆರಳಿನ ಸಂದು. ಅವನು ತುರಿಸಿಕೊಳ್ಳಲಿಲ್ಲ. ಎರಡೂ ಕೈಯನ್ನು ಮೊಣಕಾಲಿನ ಮೇಲೆ ಬಿಗಿಹಿಡಿದು ಹೊಳೆಯ ಕಡೆ ನೋಡುತ್ತ ಕೂತಿದ್ದ.

"ಊಟ ಬಡಿಸ್ಲಾ?"

"ಹಸಿವಿಲ್ಲ."

"ಅಪ್ಪ—"

"ಹಸಿವಿಲ್ಲ ಅಂದ್ನಲ್ಲ."

ಗೆದ್ದೆ ಎಂದು ದುರ್ಗಿಗೆ ಅನಿಸಬೇಕಾಗಿತ್ತು, ಅನಿಸಲಿಲ್ಲ. ಒಳಗೆ ಹೋಗಿ ಕಮಲಿಗೆ ಎಣ್ಣೆ ಹಚ್ಚಿ, ಉಳಿದದ್ದನ್ನು ಒಂದು ಬಟ್ಟಲಿಗೆ ಹಾಕಿ ಅಪ್ಪನ ಚಾಪೆಯ ತಲೆದೆಸೆಗೆ ಇಟ್ಟು ಬಂದಳು.

ಬೆಳಿಗ್ಗೆ ಬಟ್ಟಲು ಇಟ್ಟಲ್ಲೇ ಇತ್ತು, ಎಣ್ಣೆಯೂ ಇಟ್ಟಷ್ಟೇ ಇತ್ತು. ಚಾಪೆ ಸುತ್ತಿಟ್ಟಿದ್ದ. ಬೀರಪ್ಪ ಅಂಗಳದಲ್ಲಿ ನಿಂತಿದ್ದ, ಅಂಗಿ ಹಾಕಿಕೊಂಡು. ಮದುವೆಮುಂಜಿಗೂ ಹೆಗಲ ಮೇಲೆ ಒಂದು ವಸ್ತ್ರ ಸಾಕೆನ್ನುವವನು; ಭಟ್ಕಳದ ಸಾಹೇಬರ ಮನೆಗೆಂದು ಹೊಲಿಸಿದ ದಪ್ಪ ಖಾದಿಯ ಅಂಗಿಯನ್ನು ಕತ್ತಿನ ಗುಂಡಿಯವರೆಗೂ ಹಾಕಿದ್ದ. ಪೆಟ್ಟಿಗೆ ಜೋಡಿಸಿಕೊಡಲು ಅವನೂ ಜೊತೆಗೆ ಹೋಗುವುದಿತ್ತು. ಬಾಚಿ, ಉಳಿ, ಕೊಡತಿಗಳ ಚೀಲವನ್ನು ಎರಡು ದಿನ ಮೊದಲೇ ಕಟ್ಟಿಟ್ಟಿದ್ದ. ಆ ಚೀಲ ಈಗ ಅವನ ಕೈಯಲ್ಲಿತ್ತು, ಹೆಗಲ ಮೇಲೆ ಇರಲಿಲ್ಲ.

ಭರತ ಏರುವ ಹೊತ್ತಿಗೆ ಶನಿಯಾರ ಆಳುಗಳೊಂದಿಗೆ ಬಂದ. "ಏನು ಮೇಸ್ತ್ರಿ, ಮದಿಮಗ ಹಾಂಗೆ ಅಂಗಿ? ಬಿಚ್ಚಿ, ಬೆನ್ನು ತೋರ್ಸಿ. ಯಾರು ಗೆದ್ರು ಅಂತ ನೋಡಿ ನಾ ಹೊರಡ್ಬೇಕು."

ಬೀರಪ್ಪ ತಿರುಗಿದ. ಬೇಕೆಂದು ತಿರುಗಿದ್ದಲ್ಲ, ಪೆಟ್ಟಿಗೆಯ ಕಡೆ ಹೋಗಲು ತಿರುಗಿದ್ದು. ಅಂಗಿಯ ಬೆನ್ನು ಎರಡು ಕಡೆ ಒದ್ದೆಯಾಗಿ ಮೈಗೆ ಅಂಟಿತ್ತು. ಅದು ಬೆವರಿನ ಒದ್ದೆಯಲ್ಲ ಎಂಬುದು ಎಲ್ಲರಿಗೂ ಕಂಡಿತು. ಶನಿಯಾರನ ನಗೆ ಅಲ್ಲೇ ನಿಂತಿತು. ಅವನು ಮತ್ತೆ ಬೆನ್ನಿನ ಮಾತು ತೆಗೆಯಲಿಲ್ಲ.

ದುರ್ಗಿ ಹೊಸ ಪೆಟ್ಟಿಗೆಯ ಮುಂದೆ ಬಂದು ನಿಂತಳು. ಇನ್ನೂ ಹಠ ಹಿಡಿದರೆ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಅವಳನ್ನು ದಾಟಿ ಮುಂದೆ ಹೋದ. ಚಪ್ಪರದ ಮೂಲೆಯಲ್ಲಿದ್ದ ಹಳೆಯ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ.

"ಇದನ್ನ ಏರ್ಸಿ," ಎಂದ.

"ಇದನ್ನಾ?" ಎಂದ ಶನಿಯಾರ.

"ಕಿವಿ ಕೇಳುದಿಲ್ವಾ? ಇದು ಐದು ವರ್ಷ ಕೆಲ್ಸ ಮಾಡ್ಯದೆ. ಅಜ್ಜಿಗೆ ಇದೇ ಸೈ."

ಆಳುಗಳು ಹಗ್ಗ ಹಾಕಿದರು. ಹಂಡೆ, ಕೊಳವೆ, ಮಣೆ ಎಲ್ಲ ಒಂದೊಂದಾಗಿ ದಡಕ್ಕೆ ಹೋದವು. ಚಪ್ಪರದ ಮೂಲೆ ಬೋಳಾಯಿತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ಪೆಟ್ಟಿಗೆ ಭಟ್ಕಳಕ್ಕೆ ಸರಿಯಾಗಿ ಮುಟ್ಟಿತು. ಅಜ್ಜಿ ಅದರಲ್ಲಿ ಕೂತರು. ಕಾಲು ಪೂರ್ತಿ ಮಡಚದಿದ್ದರೂ ಗೋಡೆ ಹಿಡಿಯದೆ ನಡೆದರೆಂದು ಸಾಹೇಬರೇ ಹೇಳಿ ಕಳಿಸಿದರು. ಹೊಸ ಪೆಟ್ಟಿಗೆಯನ್ನು ಪಾಂಡು ಬಿಚ್ಚಿದ. ಅದರ ಹಲಗೆಗಳು ಒಂದು ದೋಣಿಯ ಅಡಿಗೆ ಹೋದವು. ಎಣ್ಣೆ ಸೇರಬೇಕಾದ ಜಾಗ ಸೇರಿತು. ಮಳೆಗಾಲ ಹಿಡಿಯುವ ಮೊದಲೇ ಒಡೆದ ದೋಣಿಯೊಂದರ ಹಲಗೆ ಹೊತ್ತು ತಂದು ಪಾಂಡುವೇ ಇನ್ನೊಂದು ಪೆಟ್ಟಿಗೆ ಕಟ್ಟಿದ. ಸಂದಿಗೆ ಹತ್ತಿ ತುಂಬಿದ, ಎಣ್ಣೆ ಮುಟ್ಟಿಸಲಿಲ್ಲ. ನಲವತ್ತೊಂಬತ್ತರ ಹೊತ್ತಿಗೆ ಅಂಥವು ನಾಲ್ಕಾಗಿದ್ದವು. ಒಂದು ಕುಮಟೆಯಲ್ಲಿ, ಒಂದು ಹಳದೀಪುರದಲ್ಲಿ, ಒಂದು ಅಘನಾಶಿನಿಯಲ್ಲಿ ಕಮಲಿಯ ಅಂಗಳದಲ್ಲಿ. ಬೆನ್ನಿನ ಕಲೆ ಹೊತ್ತುಕೊಂಡೇ ಕಮಲಿ ಬೆಳಚಿನವರಿಗೆಲ್ಲ ಕವಳ ಮಡಚಿ ಕೊಟ್ಟಳು. ಕಾಸರಕೋಡಿನದ್ದನ್ನು ದುರ್ಗಿ ನಡೆಸಿದಳು. ಮೂರು ಕವಳ ಮುಗಿದ ಮೇಲೆ ನಾಲ್ಕನೆಯದು ಕೇಳಿದವರ ಬಾಯಿಗೆ ಅವಳ ಕೈಯಿಂದ ಎಲೆ ಹೋಗಲಿಲ್ಲ, ಬೈಗುಳ ಹೋಯಿತು. ಬೀರಪ್ಪನ ಹೆಸರು ಹೇಳಿಯೇ ಜನ ಬರುತ್ತಿದ್ದರು. ಇದೆಲ್ಲ ಆಮೇಲಿನ ಮಾತು.

ಆ ದಿನ ಕೊಳವೆಯ ಕಟ್ಟು ಕೂಡ ಹೋದ ಮೇಲೆ ಬೀರಪ್ಪ ಚೀಲ ಎತ್ತಿಕೊಂಡು ಅಂಗಳ ದಾಟಿದ. ಒಲೆಯ ಬಳಿ ಪಾಂಡು ಎದ್ದು ನಿಂತ. ಬೀರಪ್ಪ ಅವನ ಮುಖ ನೋಡಲಿಲ್ಲ, ಒಲೆಯ ಬೂದಿ ನೋಡಿದ.

"ಸೊಪ್ಪು ಸರಿ ಇತ್ತು," ಎಂದ.

ಪಾಂಡು ಬಾಯಿ ತೆರೆಯುವಷ್ಟರಲ್ಲಿ ಅವನು ಮುಂದೆ ಹೋಗಿದ್ದ. ಜಗಲಿಯ ತುದಿಯಲ್ಲಿ ಕಮಲಿ ಕಂಬ ಹಿಡಿದು ನಿಂತಿದ್ದಳು. ಮೇಸ್ತ್ರಿಗೆ ಬಯ್ಯಬೇಕೆಂದು ಅವಳು ನಾಲ್ಕು ದಿನದ ಮಾತು ಕೂಡಿಟ್ಟಿದ್ದಳು. ಒದ್ದೆ ಅಂಗಿ ನೋಡಿ ಅದೆಲ್ಲ ಎಲ್ಲಿ ಹೋಯಿತೋ.

"ಉರೀತದಾ ಮೇಸ್ತ್ರಿ?"

ಬೀರಪ್ಪ ನಿಂತ.

"ಉರೀತದೆ," ಎಂದ.

ಅಷ್ಟು ಹೇಳಿ ಮೆಟ್ಟಿಲು ಇಳಿದ. ಎಲ್ಲರೆದುರು ತಪ್ಪಾತು ಎಂದು ಹೇಳಬೇಕಾಗಿದ್ದದ್ದು ಅವನ ಪಾಲಿಗೆ ಅಷ್ಟರಲ್ಲೇ ಮುಗಿದಿತ್ತು. ದುರ್ಗಿ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಅವನ ಹಿಂದೆ ತೆಂಗಿನ ಸಾಲಿನ ತಂಕ ಬಂದಳು. "ಅಪ್ಪ, ಇದೊಂದು ಹಚ್ಕಂಡು ಹೋಗು. ದೋಣಿಯಲ್ಲಿ ಉಪ್ಪುಗಾಳಿ. ಅಪ್ಪ, ಯಾವಾಗ ಬರ್ತೆ?"

ಅವನು ಕೈ ಬೀಸಿದ. ಬೇಡ ಎಂದೋ, ಬರುತ್ತೇನೆ ಎಂದೋ ಅವಳಿಗೆ ತಿಳಿಯಲಿಲ್ಲ. ಬೆನ್ನು ಬಾಗದೆ, ಚೀಲವನ್ನು ಮೈಯಿಂದ ದೂರ ಹಿಡಿದು, ಮರಳಿನ ಮೇಲೆ ನೆಟ್ಟಗೆ ನಡೆದುಹೋದ. ಭಟ್ಕಳದಲ್ಲಿ ಮೂರು ದಿನ ನಿಂತು ಪೆಟ್ಟಿಗೆ ಜೋಡಿಸಿಕೊಟ್ಟು, ಊರಿಗೆ ಹೋಗುತ್ತೇನೆಂದು ಸಾಹೇಬರಿಗೆ ಹೇಳಿ ಹೊರಟನಂತೆ. ಸೋತ ಮುಖ ತೋರಿಸಲಾರದೆ ಹೋದನೋ, ದಾರಿಯಲ್ಲೇ ಏನಾಯಿತೋ, ಕಾಸರಕೋಡಿನ ಮನೆಗೆ ಅವನು ಮತ್ತೆ ಬರಲಿಲ್ಲ.